ಸಣ್ಣ ಪರದೆ, ದೊಡ್ಡ ಕಿಟಕಿ



ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಇರುತ್ತದೆ. ಮಗಳ ಅರ್ಜಿಯೋ, ಅಂಗಡಿಯ ಬಿಲ್ಲೋ, ಸಂಘದ ಜಮಾಖರ್ಚೋ, ಏನೋ ಒಂದನ್ನು ಕಷ್ಟಪಟ್ಟು ತುಂಬಿಸಿರುತ್ತೀರಿ. ಹೆಸರು ಆಯಿತು, ವಿಳಾಸ ಆಯಿತು, ಮೊತ್ತ ಆಯಿತು. ಇನ್ನು 'ಉಳಿಸು' ಎನ್ನುವ ಬಟನ್ ಒತ್ತಿದರೆ ಮುಗಿಯಿತು. ಆದರೆ ಬಟನ್ನೇ ಇಲ್ಲ! ನಾವು ತುಂಬಿಸುತ್ತಿದ್ದ ಆ ಚೌಕದ ಕೆಳಭಾಗ ಪರದೆಯ ಅಂಚಿನಿಂದ ಆಚೆಗೆ ಇಳಿದುಹೋಗಿರುತ್ತದೆ. ಮೌಸಿನಿಂದ ಎಳೆದರೆ ಬರುವುದಿಲ್ಲ, ಜಗ್ಗಿದರೆ ಬರುವುದಿಲ್ಲ. ಅರ್ಧ ಗಂಟೆಯ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮಂಥ ಹೆಂಗಸರ ಮನಸ್ಸಿಗೆ ಮೊದಲು ಬರುವ ಮಾತು ಯಾವುದು ಹೇಳಿ? "ನನಗೆ ಇದೆಲ್ಲ ತಿಳಿಯುವುದಿಲ್ಲಪ್ಪ" ಅನ್ನುವುದು. ಮನೆಯವರ ಬಾಯಲ್ಲಿ ಬರುವ ಮಾತು, "ಈ ಡಬ್ಬಿ ಹಳೇದಾಯ್ತು, ಹೊಸದು ತರಬೇಕು" ಅನ್ನುವುದು. ಈ ಎರಡು ಮಾತನ್ನೂ ಅಷ್ಟು ಬೇಗ ನಂಬಬೇಡಿ ಎಂದು ಹೇಳುವುದಕ್ಕೇ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಬಟನ್ ಎಲ್ಲಿಗೂ ಹೋಗಿರುವುದಿಲ್ಲ. ಅಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೆ. ಅದನ್ನು ಕಣ್ಣಿಗೆ ಬೀಳಿಸುವ ಉಪಾಯಗಳಿವೆ. ಅವಕ್ಕೆ ಬಿಡಿಕಾಸೂ ಖರ್ಚಿಲ್ಲ.

ನಾನೇನು ಕಂಪ್ಯೂಟರ್ ಓದಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಗೆ ಮುಂಚೆ ಒಂದು ವರ್ಷ ಟೈಪಿಂಗ್ ಕ್ಲಾಸಿಗೆ ಹೋಗಿ ಜೂನಿಯರ್ ಪಾಸು ಮಾಡಿದ್ದೆ. ಆ ಟೈಪ್‌ರೈಟರಿನಲ್ಲಿ ಒಂದು ಒಳ್ಳೆಯ ಗುಣವಿತ್ತು. ಸಾಲು ಮುಗಿಯುತ್ತಾ ಬಂದರೆ 'ಟಿಂಗ್' ಎಂದು ಗಂಟೆ ಹೊಡೆಯುತ್ತಿತ್ತು. 'ಕಾಗದ ಮುಗಿಯುತ್ತಿದೆ ತಾಯಿ, ಜೋಪಾನ' ಎಂದು ಎಚ್ಚರಿಸಿದ ಹಾಗೆ. ಕಂಪ್ಯೂಟರಿನಲ್ಲಿ ಅಂಥ ಗಂಟೆ ಇಲ್ಲ. ಕಿಟಕಿ ಪರದೆ ದಾಟಿ ಹೋದರೂ ಅದು ಸುಮ್ಮನೆ ಇರುತ್ತದೆ. ನಾವೇ ತಿಳಿದುಕೊಳ್ಳಬೇಕು.

ಕಿಟಕಿ ಎಂದೆನಲ್ಲ, ಕಂಪ್ಯೂಟರಿನಲ್ಲಿ ಯಾವ ಕೆಲಸ ತೆರೆದರೂ ಅದು ಒಂದು ಚೌಕದಲ್ಲಿ ತೆರೆದುಕೊಳ್ಳುತ್ತದೆ. ಅದಕ್ಕೇ ವಿಂಡೋ, ಅಂದರೆ ಕಿಟಕಿ ಎನ್ನುತ್ತಾರೆ. ಈ ಕಿಟಕಿ ಪರದೆಗಿಂತ ದೊಡ್ಡದಾಗುವುದು ಹೇಗೆ ಎಂದು ಕೇಳಿದರೆ, ಅದಕ್ಕೆ ಉತ್ತರ ನಮ್ಮ ಮನೆಬಾಗಿಲಲ್ಲೇ ಇದೆ. ರಂಗೋಲಿ!

ಕಂಪ್ಯೂಟರಿನ ಪರದೆ ಎಂದರೆ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಇಷ್ಟು ಚುಕ್ಕಿ, ಮೇಲಿನಿಂದ ಕೆಳಕ್ಕೆ ಇಷ್ಟು ಸಾಲು ಎಂದು ಲೆಕ್ಕ. 1024 ಚುಕ್ಕಿ, 600 ಸಾಲು ಎಂದರೆ ಒಂದು ಬಗೆಯ ಪರದೆ. 1366 ಚುಕ್ಕಿ, 768 ಸಾಲು ಎಂದರೆ ಇನ್ನೊಂದು ಬಗೆ. 1920 ಚುಕ್ಕಿ, 1080 ಸಾಲು ಎಂದರೆ ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆ. ತಂತ್ರಾಂಶ ಬರೆಯುವವರು ತಮ್ಮ ಕಿಟಕಿಯನ್ನು ಇಂತಿಷ್ಟು ಸಾಲಿಗೆ ಎಂದು ಎಣಿಸಿ ಬಿಡಿಸಿರುತ್ತಾರೆ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಹದಿನೈದು ಚುಕ್ಕಿಗೆ ಮಾತ್ರ ಜಾಗ ಇರುವ ಹೊಸಿಲ ಮುಂದೆ ಹಾಕಹೋದರೆ ಏನಾಗುತ್ತದೆ? ಕೆಳಗಿನ ಎಳೆಗಳು ಚರಂಡಿಗೆ ಇಳಿಯುತ್ತವೆ. ಇಲ್ಲಿ ಆಗುವುದೂ ಅದೇ. ದುರದೃಷ್ಟಕ್ಕೆ 'ಉಳಿಸು', 'ಸರಿ', 'ಮುಂದೆ' ಎನ್ನುವ ಮುಖ್ಯವಾದ ಬಟನ್ನುಗಳನ್ನೆಲ್ಲ ಹೆಚ್ಚಾಗಿ ಕಿಟಕಿಯ ಅಡಿಯಲ್ಲೇ ಇಟ್ಟಿರುತ್ತಾರೆ. ಹಾಗಾಗಿ ಮೊದಲು ಚರಂಡಿ ಪಾಲಾಗುವುದು ಅವೇ.

ಈ ಸಣ್ಣ ಪರದೆಯ ಯಂತ್ರಗಳು ಬಂದದ್ದೂ ಒಂದು ಕಥೆ. 2007ರಲ್ಲಿ ತೈವಾನಿನ ಆಸುಸ್ ಕಂಪನಿ ಈ ಪಿಸಿ ಎಂಬ ಪುಟ್ಟ ಲ್ಯಾಪ್‌ಟಾಪನ್ನು ತಂದಿತು. ಅದರ ಪರದೆ ಕೇವಲ 7 ಇಂಚು, 800 ಚುಕ್ಕಿ, 480 ಸಾಲು. ನಮ್ಮ ಮಕ್ಕಳ ಸ್ಲೇಟಿಗಿಂತ ಚಿಕ್ಕದು. ಬೆಲೆ ಕಡಿಮೆ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು ಎಂದು ಜನ ಮುಗಿಬಿದ್ದರು. ಆಮೇಲೆ ಬೇರೆ ಕಂಪನಿಗಳೂ ಅಂಥವನ್ನೇ ಮಾಡಿದವು. ನೆಟ್‌ಬುಕ್ ಎಂದು ಹೆಸರಾಯಿತು. 10 ಇಂಚಿನ ಪರದೆ, 1024 ಚುಕ್ಕಿ, 600 ಸಾಲು ಎನ್ನುವುದೇ ವಾಡಿಕೆಯ ಅಳತೆಯಾಯಿತು. ಆದರೆ ಆ ಕಾಲದ ಎಷ್ಟೋ ತಂತ್ರಾಂಶಗಳನ್ನು ಬರೆದದ್ದು 768 ಸಾಲಿನ ಪರದೆಗೆ. 168 ಸಾಲು ಕಡಿಮೆ ಬಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಅದರ ಹೊಸ ನಮೂನೆಯ ಆಪ್‌ಗಳು 1024 ಚುಕ್ಕಿ, 768 ಸಾಲಿಗಿಂತ ಕಡಿಮೆ ಇದ್ದರೆ ತೆರೆಯುತ್ತಲೇ ಇರಲಿಲ್ಲ. ಅಷ್ಟರಲ್ಲಿ ಟ್ಯಾಬ್ಲೆಟ್ಟುಗಳು ಬಂದು ನೆಟ್‌ಬುಕ್‌ಗಳ ಕಾಲ ಮುಗಿಯಿತು. ಯಂತ್ರಗಳು ಮಾತ್ರ ಮನೆಗಳಲ್ಲಿ ಉಳಿದವು. ಪಟ್ಟಣದ ಮಕ್ಕಳು ಹೊಸದು ಕೊಂಡಾಗ ಹಳೆಯದು ಎಲ್ಲಿಗೆ ಬರುತ್ತದೆ? ನಮ್ಮಂಥ ಊರುಗಳಿಗೆ, ನಮ್ಮಂಥವರ ಮನೆಗೆ.

ನಮ್ಮದು ತಿಪಟೂರು. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ನಮ್ಮ ಬೀದಿಯ ಹನ್ನೆರಡು ಜನ ಹೆಂಗಸರು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಹಪ್ಪಳ, ಸಂಡಿಗೆ, ಕೊಬ್ಬರಿ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ಬಂದದ್ದರಲ್ಲಿ ಸ್ವಲ್ಪ ಉಳಿಸಿ, ಕಷ್ಟ ಬಂದವರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತೇವೆ. ಲೆಕ್ಕ ಬರೆಯುವ ಕೆಲಸ ನನ್ನದು. 2023ರವರೆಗೂ ಉದ್ದನೆಯ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಿದ್ದೆ. ಆ ವರ್ಷ ಬ್ಯಾಂಕಿನವರು ವರ್ಷದ ಲೆಕ್ಕ ಅಚ್ಚಾಗಿ ಬೇಕು ಎಂದರು. ಅಂಗಡಿಯವರೂ ಅಚ್ಚಾದ ಬಿಲ್ಲು ಕೇಳತೊಡಗಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ತನ್ನ ಹಳೆಯ ಹತ್ತು ಇಂಚಿನ ನೆಟ್‌ಬುಕ್ಕನ್ನು ತಂದುಕೊಟ್ಟ. "ಅತ್ತೆ, ನಿಮ್ಮ ಹಪ್ಪಳದ ಲೆಕ್ಕಕ್ಕೆ ಇದು ಧಾರಾಳ" ಎಂದ. ಸಂಘದ ದುಡ್ಡಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶವನ್ನೂ ತಂದೆವು.

ತೆರೆದು ನೋಡಿದರೆ ಮೇಲೆ ಹೇಳಿದ್ದೇ ಗತಿ. ಬಿಲ್ಲಿನ ಕಿಟಕಿಯಲ್ಲಿ 'ಒಟ್ಟು ಮೊತ್ತ' ಎನ್ನುವ ಸಾಲಿನವರೆಗೆ ಕಾಣುತ್ತದೆ. ಅದರ ಕೆಳಗೆ ಏನೂ ಇಲ್ಲ. ಅಂಗಡಿಯವರನ್ನು ಕೇಳಿದ್ದಕ್ಕೆ, "ಇದರಲ್ಲಿ ಆಗಲ್ಲಮ್ಮ. ಸ್ಕ್ರೀನ್ ಸಣ್ಣದು. ಹೊಸ ಲ್ಯಾಪ್‌ಟಾಪ್ ತಗೊಳ್ಳಿ, 28,000ಕ್ಕೆ ಮಾಡಿಕೊಡ್ತೀನಿ" ಎಂದುಬಿಟ್ಟರು.

ಆಗ ಸಂಘದ ಖಾತೆಯಲ್ಲಿ ಇದ್ದದ್ದು 31,000 ರೂಪಾಯಿ. ಅದೇ ವಾರ ನಮ್ಮ ಸಂಘದ ಹೂವಿನಕ್ಕ 25,000 ಸಾಲಕ್ಕೆ ಅರ್ಜಿ ಕೊಟ್ಟಿದ್ದರು. ಬೆಳಗಾಗುವ ಮೊದಲೇ ಎದ್ದು ಹೂ ಕಟ್ಟಿ, ಬಸ್ ಸ್ಟ್ಯಾಂಡಿನ ಹತ್ತಿರ ಮಾರುವ ಹೆಂಗಸು. ಗಂಡ ಇಲ್ಲ. ಒಬ್ಬಳೇ ಮಗಳು, ಪಿ.ಯು.ಸಿ. ಚೆನ್ನಾಗಿ ಪಾಸು ಮಾಡಿ ನರ್ಸಿಂಗ್ ಸೀಟು ಗಿಟ್ಟಿಸಿದ್ದಳು. ಶನಿವಾರದ ಒಳಗೆ ಫೀಸು ಕಟ್ಟಬೇಕು. ಕಂಪ್ಯೂಟರ್ ತಂದರೆ ಸಾಲಕ್ಕೆ ದುಡ್ಡಿಲ್ಲ. ಸಾಲ ಕೊಟ್ಟರೆ ಕಂಪ್ಯೂಟರ್ ಇಲ್ಲ, ಕಂಪ್ಯೂಟರ್ ಇಲ್ಲದೆ ಅಚ್ಚಾದ ಬಿಲ್ಲಿಲ್ಲ, ಬಿಲ್ಲಿಲ್ಲದೆ ಹಬ್ಬದ ಆರ್ಡರ್ ಇಲ್ಲ.

ಭಾನುವಾರ ಸಭೆ ಸೇರಿದೆವು. ಇಬ್ಬರು ಮೂವರು, "ಆರ್ಡರ್ ಹೋದರೆ ಎಲ್ಲರ ಹೊಟ್ಟೆಗೂ ಕಲ್ಲು ಬಿದ್ದ ಹಾಗೆ. ಮೊದಲು ಲ್ಯಾಪ್‌ಟಾಪ್ ತರೋಣ" ಎಂದರು. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಹೂವಿನಕ್ಕ ಒಂದು ಮಾತೂ ಆಡಲಿಲ್ಲ. ಮಡಿಲಲ್ಲಿದ್ದ ಮೊಗ್ಗನ್ನು ಕಟ್ಟುತ್ತಲೇ ಇದ್ದರು. ಅವರ ಕೈ ಮಾತ್ರ ಎಂದಿಗಿಂತ ಬೇಗ ಬೇಗ ಓಡುತ್ತಿತ್ತು. ನನಗೆ ನೋಡಲಾಗಲಿಲ್ಲ. "ನನಗೆ ಬುಧವಾರದವರೆಗೆ ಅವಕಾಶ ಕೊಡಿ. ಈ ಸಣ್ಣದರಲ್ಲೇ ಏನಾದರೂ ದಾರಿ ಇದೆಯೋ ನೋಡ್ತೀನಿ" ಎಂದೆ. ನಮ್ಮ ಅಧ್ಯಕ್ಷೆ ನಿವೃತ್ತ ಟೀಚರಮ್ಮ. "ಆಗಲಿ, ಬುಧವಾರ ಸಂಜೆ ತೀರ್ಮಾನ ಮಾಡೋಣ" ಎಂದರು.

ಅವತ್ತು ರಾತ್ರಿ ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಅಡುಗೆಮನೆಯ ಮೇಜಿನ ಮೇಲೇ ನೆಟ್‌ಬುಕ್ ಇಟ್ಟುಕೊಂಡು ಕುಳಿತೆ. ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿ, "ಅತ್ತೆ, ಆ ಕಿಟಕಿ ಸುಮಾರು 700 ಸಾಲು ಉದ್ದ ಇದೆ. ನಿಮ್ಮ ಪರದೆ 600. ಅದರಲ್ಲೂ ಕೆಳಗಿನ ಪಟ್ಟಿ 40 ಸಾಲು ತಿನ್ನುತ್ತೆ. ಉಳಿಯೋದು 560. ಈ ವ್ಯತ್ಯಾಸ ತುಂಬಬೇಕು, ಅಷ್ಟೆ" ಎಂದ. ಅಷ್ಟು ಲೆಕ್ಕ ಕೈಗೆ ಸಿಕ್ಕಿದ ಮೇಲೆ ನನಗೆ ಧೈರ್ಯ ಬಂತು. ಅಕ್ಕಿ ಕಡಿಮೆ ಬಿದ್ದಾಗ ಎಷ್ಟು ಪಾವು ಕಡಿಮೆ ಎಂದು ಗೊತ್ತಾದರೆ ಅರ್ಧ ಚಿಂತೆ ಹೋದ ಹಾಗೆ ತಾನೆ!

ಮೊದಲು ಮಾಡಿದ್ದು, ಕೆಳಗಿನ ಪಟ್ಟಿಯನ್ನು ಅಡಗಿಸಿದ್ದು. ಪರದೆಯ ಅಡಿಯಲ್ಲಿ ಗಡಿಯಾರ, ಸಣ್ಣ ಸಣ್ಣ ಚಿತ್ರ ಎಲ್ಲ ಇರುತ್ತದಲ್ಲ, ಅದಕ್ಕೆ ಟಾಸ್ಕ್‌ಬಾರ್ ಎನ್ನುತ್ತಾರೆ. ಅದರ ಖಾಲಿ ಜಾಗದಲ್ಲಿ ಮೌಸಿನ ಬಲಗಡೆಯ ಬಟನ್ ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋದರೆ, ತಾನಾಗಿ ಅಡಗಿಕೊಳ್ಳಲಿ ಎನ್ನುವ ಆಯ್ಕೆ ಇರುತ್ತದೆ. ವಿಂಡೋಸ್ 10ರಲ್ಲೂ ಇದೆ, 11ರಲ್ಲೂ ಇದೆ. ಅದನ್ನು ಆನ್ ಮಾಡಿದರೆ ಪಟ್ಟಿ ಕೆಳಗೆ ಸರಿದು ಮರೆಯಾಗುತ್ತದೆ. ಮೌಸನ್ನು ಕೆಳಗಿನ ಅಂಚಿಗೆ ತಂದರೆ ಮತ್ತೆ ಮುಖ ತೋರಿಸುತ್ತದೆ. ಹೀಗೆ 40 ಸಾಲು ಉಳಿಯಿತು. ಸಣ್ಣಪುಟ್ಟ ಕೊರತೆ ಇದ್ದವರಿಗೆ ಇದೊಂದೇ ಸಾಕು. ನನಗೆ ಇನ್ನೂ 100 ಸಾಲು ಬೇಕಿತ್ತು.

ಎರಡನೆಯದು, ಕಣ್ಣಿಗೆ ಕಾಣದ ಬಟನ್ನನ್ನು ಕೀಲಿಮಣೆಯಿಂದ ಒತ್ತುವುದು. ಟ್ಯಾಬ್ ಎನ್ನುವ ಕೀ ಒತ್ತಿದ ಹಾಗೆಲ್ಲ ಕಿಟಕಿಯ ಒಳಗೆ ಒಂದು ಜಾಗದಿಂದ ಮುಂದಿನ ಜಾಗಕ್ಕೆ ಹೋಗುತ್ತೇವೆ. ಬಟನ್ ಮೇಲೆ ಬಂದಾಗ ಉದ್ದನೆಯ ಸ್ಪೇಸ್ ಕೀ ಒತ್ತಿದರೆ, ಮೌಸಿನಿಂದ ಒತ್ತಿದ್ದಕ್ಕೆ ಸಮ. ಬಟನ್ ಪರದೆಯಿಂದ ಹೊರಗಿದ್ದರೂ ಇದು ನಡೆಯುತ್ತದೆ. 'ಉಪ್ಪು, 1 ರೂಪಾಯಿ' ಎಂದು ಒಂದು ಸುಳ್ಳು ಬಿಲ್ಲು ಬರೆದು ಪ್ರಯೋಗ ಮಾಡಿದೆ. ಹನ್ನೊಂದು ಸಲ ಟ್ಯಾಬ್, ಒಂದು ಸಲ ಸ್ಪೇಸ್. ಬಿಲ್ಲು ಉಳಿಯಿತು! ನಿಜ ಹೇಳುತ್ತೇನೆ, ಮೊದಲ ಸಲ ಹೋಳಿಗೆ ಹರಿಯದೆ ಕಾವಲಿಯಿಂದ ಎದ್ದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ.

ಆದರೆ ಇದರಲ್ಲಿ ಒಂದು ಅಪಾಯ ಇದೆ ನೋಡಿ. 'ಉಳಿಸು' ಪಕ್ಕದಲ್ಲೇ 'ರದ್ದುಮಾಡು' ಇರುತ್ತದೆ. ಎಣಿಕೆಯಲ್ಲಿ ಒಂದು ಹೆಚ್ಚಾದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನಾನೊಬ್ಬಳೇ ಬರೆಯುವುದಾದರೆ ಹೇಗೋ ನಿಭಾಯಿಸಬಹುದು. ನಾನು ಊರಿಗೆ ಹೋದಾಗ ಬೇರೆಯವರು ಬರೆಯಬೇಕಲ್ಲ? ನಾಲ್ಕು ಜನರ ದುಡ್ಡಿನ ಲೆಕ್ಕವನ್ನು ಕಣ್ಣು ಕಟ್ಟಿಕೊಂಡು ಬರೆಯಬಾರದು. ಆದ್ದರಿಂದ ಈ ಉಪಾಯವನ್ನು ಒಂದು ಸಲದ ಆಪತ್ತಿಗೆ ಇಟ್ಟುಕೊಳ್ಳಿ. ದಿನದ ಬಳಕೆಗೆ ಬೇಡ. ಎಂಟರ್ ಕೀಯನ್ನೂ ನೋಡಿ ಒತ್ತಬೇಕು. ಹಲವು ಕಿಟಕಿಗಳಲ್ಲಿ ಎಂಟರ್ ಎಂದರೆ 'ಸರಿ', ಎಸ್ಕೇಪ್ ಎಂದರೆ 'ಬೇಡ'. ಲೆಕ್ಕದ ತಂತ್ರಾಂಶಗಳಲ್ಲಿ ಮಾತ್ರ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುವುದೂ ಉಂಟು.

ಮೂರನೆಯ ಉಪಾಯ ಸೋಮವಾರ ರಾತ್ರಿ ಸಿಕ್ಕಿತು. ಅಣ್ಣನ ಮಗನೇ ಫೋನ್ ಮಾಡಿ, "ಅತ್ತೆ, ಪರದೆ ಅಡ್ಡ ಇದ್ದರೆ ತಾನೆ 600 ಸಾಲು? ಉದ್ದಕ್ಕೆ ನಿಲ್ಲಿಸಿದರೆ 1024 ಆಗುತ್ತಲ್ಲ?" ಎಂದ. ಪುಸ್ತಕ ಹಿಡಿದ ಹಾಗೆ ಹಿಡಿಯುವುದು! ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರ ತಿರುಗುತ್ತದಲ್ಲ, ಕಂಪ್ಯೂಟರಿನಲ್ಲಿ ನಾವೇ ತಿರುಗಿಸಬೇಕು. ಪರದೆಯ ಖಾಲಿ ಜಾಗದಲ್ಲಿ ಬಲಬಟನ್ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ಓರಿಯೆಂಟೇಶನ್ ಎನ್ನುವಲ್ಲಿ ಲ್ಯಾಂಡ್‌ಸ್ಕೇಪ್ ಎಂದು ಇರುವುದನ್ನು ಪೋರ್ಟ್ರೇಟ್ ಎಂದು ಬದಲಾಯಿಸಿದೆ. ಚಿತ್ರವೆಲ್ಲ ಒಂದು ಮಗ್ಗುಲಿಗೆ ಹೊರಳಿತು. ಇದನ್ನು ಹೀಗೇ ಇಟ್ಟುಕೊಳ್ಳಲೇ ಎಂದು ಯಂತ್ರ ಕೇಳುತ್ತದೆ. 15 ಸೆಕೆಂಡಿನ ಒಳಗೆ ಹೌದು ಎನ್ನದಿದ್ದರೆ ತಾನೇ ಮೊದಲಿನಂತೆ ಆಗುತ್ತದೆ. ಹಾಗಾಗಿ ಹೆದರಬೇಕಾಗಿಲ್ಲ. ಏನೇ ಎಡವಟ್ಟಾದರೂ ಕೈಕಟ್ಟಿ ಕುಳಿತರೆ ಸಾಕು, ಅದೇ ಸರಿಹೋಗುತ್ತದೆ.

ನೆಟ್‌ಬುಕ್ಕನ್ನು ಪುಸ್ತಕದಂತೆ ಸ್ವಲ್ಪ ತೆರೆದು, ಮಗ್ಗುಲ ಮೇಲೆ ನಿಲ್ಲಿಸಿ, ಅಕ್ಕಿ ಡಬ್ಬಕ್ಕೆ ಒರಗಿಸಿದೆ. ಬಿಲ್ಲಿನ ಕಿಟಕಿ ತೆರೆದೆ. ನಮ್ಮ ಪುಣ್ಯಕ್ಕೆ ಆ ಕಿಟಕಿ ಉದ್ದ ಹೆಚ್ಚು, ಅಗಲ ಕಡಿಮೆ. 600 ಚುಕ್ಕಿಯ ಅಗಲದಲ್ಲಿ ಕುಳಿತಿತು. ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣಿಸಿತು. 'ಉಳಿಸು', 'ರದ್ದುಮಾಡು', 'ಅಚ್ಚು ಹಾಕು' ಮೂರೂ ಬಟನ್ನುಗಳು ಸಾಲಾಗಿ ನಿಂತಿದ್ದವು. ಒಂದು ತೊಂದರೆ ಇದೆ. ಯಂತ್ರದಲ್ಲೇ ಇರುವ ಬೆರಳುಪಟ್ಟಿಯೂ ಮಗ್ಗುಲಾಗಿರುವುದರಿಂದ ಬೆರಳು ಮೇಲೆ ಹೋದರೆ ಬಾಣ ಪಕ್ಕಕ್ಕೆ ಹೋಗುತ್ತದೆ. ಬೇರೆ ಮೌಸ್ ಸಿಕ್ಕಿಸಿಕೊಂಡರೆ ಈ ಗೋಜಿಲ್ಲ. ಅಕ್ಷರ ಟೈಪ್ ಮಾಡುವುದಕ್ಕೂ ಹೊರಗಿನ ಕೀಬೋರ್ಡ್ ಒಂದಿದ್ದರೆ ಅನುಕೂಲ. ನಮ್ಮವರ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಎರಡನ್ನೂ ಅವರು ಕೇಳಿ ತಂದುಕೊಟ್ಟರು.

ಬುಧವಾರ ಸಂಜೆ ಸಭೆಯಲ್ಲಿ ಎಲ್ಲರ ಎದುರಿಗೆ ನೆಟ್‌ಬುಕ್ ನಿಲ್ಲಿಸಿ ಬಿಲ್ಲು ಬರೆದು ತೋರಿಸಿದೆ. "ಇದೇನ್ರೀ, ಕಂಪ್ಯೂಟರಿಗೆ ಶೀರ್ಷಾಸನ ಹಾಕ್ಸಿದ್ದೀರಿ!" ಎಂದು ಒಬ್ಬರು ನಕ್ಕರು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಟೀಚರಮ್ಮ ಸಾಲದ ಅರ್ಜಿ ತೆಗೆದು, "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದರು. ಯಾರದೂ ಇರಲಿಲ್ಲ. ಶುಕ್ರವಾರ ಫೀಸು ಕಟ್ಟಿಯಾಯಿತು. ಸಾಲವೂ ಕಂತು ಕಂತಾಗಿ ತೀರಿತು. ಮರುವರ್ಷ ಹಬ್ಬದ ಆರ್ಡರಿನ ಲಾಭದಲ್ಲೇ ಸಂಘಕ್ಕೆ ಒಂದು ದೊಡ್ಡ ಪರದೆ ತಂದು ಆ ನೆಟ್‌ಬುಕ್ಕಿಗೇ ಜೋಡಿಸಿಕೊಂಡೆವು. ಆದರೆ ಕೊಂಡದ್ದು ನಮಗೆ ಅನುಕೂಲವಾದಾಗ, ಯಾರೋ ಹೆದರಿಸಿದಾಗ ಅಲ್ಲ.

ಇದನ್ನು ಕೇಳಿದ ಮೇಲೆ ಬೀದಿಯ ಬೇರೆಯವರೂ ತಮ್ಮ ತಮ್ಮ ತೊಂದರೆ ಹೇಳಿಕೊಂಡು ಬರತೊಡಗಿದರು. ಅದರಿಂದ ನಾನು ಕಲಿತದ್ದನ್ನೂ ಹೇಳಿಬಿಡುತ್ತೇನೆ.

ಎದುರುಮನೆಯವರದು ಹೊಸ ಲ್ಯಾಪ್‌ಟಾಪ್, 14 ಇಂಚು, 1080 ಸಾಲು. ಅದರಲ್ಲೂ ಬಟನ್ ಕಾಣುತ್ತಿರಲಿಲ್ಲ! ಕಾರಣ ಏನೆಂದರೆ, ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಅದರಲ್ಲಿ ಸ್ಕೇಲ್ ಎನ್ನುವುದು 150 ಪರ್ಸೆಂಟಿಗೆ ಇತ್ತು. ರಂಗೋಲಿಯಲ್ಲಿ ಚುಕ್ಕಿಗಳನ್ನು ಒತ್ತೊತ್ತಾಗಿ ಇಡದೆ ದೂರ ದೂರ ಇಟ್ಟ ಹಾಗೆ ಇದು. ಕಣ್ಣಿಗೆ ಚೆಂದ, ಆದರೆ ಜಾಗ ಬೇಗ ಮುಗಿಯುತ್ತದೆ. 1080 ಸಾಲು ಹೀಗೆ ಹಿಗ್ಗಿದಾಗ 720 ಸಾಲಿಗೆ ಸಮನಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಸ್ಕೇಲ್ ಅನ್ನು 125ಕ್ಕೋ 100ಕ್ಕೋ ಇಳಿಸಿದರೆ ಕಿಟಕಿ ಒಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ 150ಕ್ಕೆ ಏರಿಸಿಕೊಳ್ಳಿ. ಕಣ್ಣು ಕಿರಿದು ಮಾಡಿಕೊಂಡು ದಿನವೆಲ್ಲ ಓದಿದರೆ ತಲೆನೋವು ಖಂಡಿತ.

ತೊಂದರೆ ಇರುವುದು ಇಂಟರ್ನೆಟ್ಟಿನ ಪುಟದಲ್ಲಿ, ಅಂದರೆ ಮಕ್ಕಳ ಅರ್ಜಿ ಮುಂತಾದುವುಗಳಲ್ಲಿ ಆದರೆ, ಇಷ್ಟೆಲ್ಲ ಬೇಡ. ಕಂಟ್ರೋಲ್ ಕೀ ಒತ್ತಿಹಿಡಿದು ಮೈನಸ್ ಗುರುತಿನ ಕೀ ಒತ್ತಿ. ಒತ್ತಿದ ಹಾಗೆಲ್ಲ ಪುಟ ಕುಗ್ಗುತ್ತದೆ, ಬಟನ್ ಮೇಲಕ್ಕೆ ಬರುತ್ತದೆ. ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿದರೆ ಮೊದಲಿನ ಅಳತೆ. ಮೇಲಿನ ಸಾಲಿನಲ್ಲಿರುವ ಎಫ್ 11 ಕೀ ಒತ್ತಿದರೆ ಸುತ್ತಲಿನ ಪಟ್ಟಿಗಳೆಲ್ಲ ಮಾಯವಾಗಿ ಪೂರ್ತಿ ಪರದೆ ಪುಟಕ್ಕೇ ಸಿಗುತ್ತದೆ. ಮತ್ತೊಮ್ಮೆ ಒತ್ತಿದರೆ ಎಲ್ಲ ವಾಪಸ್ಸು. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಎಂದು ಬರೆದಿರುವ ಕೀಯನ್ನೂ ಜೊತೆಗೆ ಒತ್ತಬೇಕಾಗುತ್ತದೆ.

ಇನ್ನೊಂದು, ನಮ್ಮ ಹಜಾರದಲ್ಲಿರುವ ಟಿವಿ! ಈಗಿನ ಟಿವಿಗಳಲ್ಲಿ ಎಚ್‌ಡಿಎಂಐ ಎನ್ನುವ ಕಿಂಡಿ ಇರುತ್ತದೆ. ಲ್ಯಾಪ್‌ಟಾಪಿನಲ್ಲೂ ಅದಿದ್ದರೆ ಒಂದು ವೈರಿನಿಂದ ಎರಡನ್ನೂ ಜೋಡಿಸಿ. ಕೀಬೋರ್ಡಿನಲ್ಲಿ ಕಿಟಕಿ ಚಿತ್ರವಿರುವ ಕೀ ಹಿಡಿದು 'ಪಿ' ಅಕ್ಷರ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಕೊನೆಯದಾದ 'ಎರಡನೇ ಪರದೆ ಮಾತ್ರ' ಎಂಬರ್ಥದ್ದನ್ನು ಆರಿಸಿದರೆ ಟಿವಿಯ ಅಷ್ಟೂ ಸಾಲು ನಮಗೆ ಸಿಗುತ್ತವೆ. ಧಾರಾವಾಹಿ ಶುರುವಾಗುವ ಮುಂಚೆ ಅರ್ಜಿ ತುಂಬಿ ಮುಗಿಸಿ, ಇಲ್ಲದಿದ್ದರೆ ಅತ್ತೆಯವರ ಕೈಲಿ ಮಾತು ಕೇಳಬೇಕಾದೀತು.

ಟಿವಿ ತೆಗೆದ ಮೇಲೆ ಒಮ್ಮೊಮ್ಮೆ ಕಿಟಕಿ ಪೂರ್ತಿಯಾಗಿ ಪರದೆಯಾಚೆ ಉಳಿದುಬಿಡುತ್ತದೆ. ತೆರೆದಿದೆ ಎಂದು ಕೆಳಗಿನ ಪಟ್ಟಿ ಹೇಳುತ್ತದೆ, ಎಲ್ಲೂ ಕಾಣುವುದಿಲ್ಲ. ಆಗ ಅದನ್ನು ಕೆಳಗಿನ ಪಟ್ಟಿಯಲ್ಲಿ ಒಮ್ಮೆ ಒತ್ತಿ ಆರಿಸಿಕೊಳ್ಳಿ. ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಎರಡನ್ನೂ ಬಿಟ್ಟು 'ಎಂ' ಅಕ್ಷರ ಒತ್ತಿ, ಆಮೇಲೆ ಯಾವುದಾದರೂ ಬಾಣದ ಕೀ ಒಂದು ಸಲ ಒತ್ತಿ. ಈಗ ಮೌಸ್ ಅಲ್ಲಾಡಿಸಿದರೆ ಕಿಟಕಿ ಮೌಸಿಗೆ ಅಂಟಿಕೊಂಡು ಬರುತ್ತದೆ, ತಾಯಿ ಸೆರಗು ಹಿಡಿದ ಮಗುವಿನ ಹಾಗೆ. ನನ್ನ ತಂಗಿಯ ಮನೆಯ ಹಳೆಯ ಯಂತ್ರದಲ್ಲಿ ಲಿನಕ್ಸ್ ಮಿಂಟ್ ಇದೆ. ಅದರಲ್ಲಿ ಇನ್ನೂ ಸುಲಭ. ಆಲ್ಟ್ ಒತ್ತಿಹಿಡಿದು ಕಿಟಕಿಯ ಯಾವ ಭಾಗವನ್ನಾದರೂ ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದರೆ, ತಲೆ ಪರದೆಯಾಚೆ ಹೋಗಿ ಕಾಲು ಕಾಣುತ್ತದೆ.

ಹಳೆಯ ಯಂತ್ರ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆಯ ಮಾತು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಾದ ಮೇಲೆ ನಮ್ಮ ಸಂಘದ ನೆಟ್‌ಬುಕ್ಕಿಗೆ ನಾನು ಇಂಟರ್ನೆಟ್ ಜೋಡಿಸುವುದಿಲ್ಲ. ಬ್ಯಾಂಕಿನ ಕೆಲಸ ಅದರಲ್ಲಿ ಮಾಡುವುದೇ ಇಲ್ಲ. ಲೆಕ್ಕ ಬರೆಯುವುದಕ್ಕೆ, ಬಿಲ್ಲು ಅಚ್ಚು ಹಾಕುವುದಕ್ಕೆ ಮಾತ್ರ. ವಾರಕ್ಕೊಮ್ಮೆ ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ ಬೀರುವಿನಲ್ಲಿ ಇಡುತ್ತೇನೆ.

ಕಡೆಯದಾಗಿ, ನಿಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲಿ, ಹೊರದೇಶದಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿ ಇರುತ್ತಾರೆ. ಹಬ್ಬಕ್ಕೆ ಬಂದಾಗ ಊಟಕ್ಕೆ ಬಡಿಸುತ್ತಾ ಅವರಿಗೆ ಒಂದು ಮಾತು ಹೇಳಿ. "ಮಗಾ, ನೀನು ದೊಡ್ಡ ಪರದೆ ಮುಂದೆ ಕೂತು ಕಿಟಕಿ ಬಿಡಿಸ್ತೀಯ. ಅದನ್ನ ತೆರೆಯೋರು ಸಣ್ಣ ಪರದೆಯೋರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ನಿನ್ನ ಕಿಟಕಿಗೂ ಅನ್ವಯಿಸುತ್ತೆ" ಎಂದು. ಬಹಳ ಕೆಲಸವೇನಿಲ್ಲ. ಜಾಗ ಸಾಲದಿದ್ದಾಗ ಕಿಟಕಿಯ ಒಳಗೇ ಮೇಲೆ ಕೆಳಗೆ ಸರಿಸುವ ಪಟ್ಟಿ ಬರುವಂತೆ ಮಾಡಿದರೆ ಆಯಿತು. 'ಉಳಿಸು' ಬಟನ್ನನ್ನು ಯಾವಾಗಲೂ ಕಾಣುವ ಕಡೆ ಇಟ್ಟರೆ ಆಯಿತು. ಬರೆದು ಮುಗಿಸಿದ ಮೇಲೆ ಒಂದು ಸಣ್ಣ ಪರದೆಯಲ್ಲಿ ತೆರೆದು ನೋಡಿದರೆ ಆಯಿತು. ಅಂತರ್ಜಾಲದ ಪುಟಗಳಿಗೆ ಇಂಥದೊಂದು ನಿಯಮವೇ ಇದೆಯಂತೆ. ಪುಟದ ಅಗಲ 320 ಚುಕ್ಕಿಗೆ ಇಳಿದರೂ ಅಡ್ಡಕ್ಕೂ ಉದ್ದಕ್ಕೂ ಎಳೆದಾಡದೆ ಓದುವಂತೆ ಇರಬೇಕೆಂದು 2018ರಲ್ಲೇ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಹೇಳಿದೆ ಎಂದು ನನ್ನ ಅಣ್ಣನ ಮಗ ತಿಳಿಸಿದ. ಅವನೂ ಈಗ ತಾನು ಬರೆದದ್ದನ್ನು ಮೊದಲು ಸಣ್ಣ ಪರದೆಯಲ್ಲಿ ನೋಡುತ್ತಾನಂತೆ.

ನಮ್ಮ ಹೂವಿನಕ್ಕನ ಮಗಳಂಥ ಎಷ್ಟೋ ಹುಡುಗಿಯರ ಅರ್ಜಿಗಳು, ಎಷ್ಟೋ ಮನೆಗಳ ಲೆಕ್ಕಗಳು ಇವತ್ತು ಈ ಸಣ್ಣ ಪರದೆಗಳ ಮೇಲೆ ನಡೆಯುತ್ತಿವೆ. ಮುಂದಿನ ಸಲ ಬಟನ್ ಕಾಣದಿದ್ದರೆ ಕೂಡಲೇ ಯಂತ್ರ ಮುಚ್ಚಿ ಎದ್ದುಹೋಗಬೇಡಿ. ಪರದೆಯಲ್ಲಿ ಎಷ್ಟು ಸಾಲಿದೆ, ಕಿಟಕಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ. ಮೊದಲು ಪಟ್ಟಿ ಅಡಗಿಸಿ, ಆಮೇಲೆ ಸ್ಕೇಲ್ ಇಳಿಸಿ, ಅದೂ ಸಾಲದಿದ್ದರೆ ಪರದೆಯನ್ನೇ ತಿರುಗಿಸಿ ನಿಲ್ಲಿಸಿ. ಈ ಕೀಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಹಾಲಿನ ಲೆಕ್ಕದ ಪಕ್ಕದಲ್ಲಿ ಗೋಡೆಗೆ ಅಂಟಿಸಿಡಿ. ಬೇಕಾದಾಗ ಕೈಗೆ ಸಿಗುತ್ತದೆ.